ಇಳಿಸದ ಕಂಬ

ನಾವು ಈ ಗುಡ್ಡದ ಮನೆಗೆ ಬಂದ ಮೂರನೆಯ ದಿನ ನನ್ನ ಸೀರೆ ಹಾರಿಹೋಯಿತು. ಹಿತ್ತಲಿನ ಹಗ್ಗಕ್ಕೆ ನಾಲ್ಕು ಕ್ಲಿಪ್ಪು ಹಾಕಿ ಒಣಗಲು ಬಿಟ್ಟಿದ್ದ ನೀಲಿ ಕಾಟನ್ ಸೀರೆ. ಒಳಗೆ ಹೋಗಿ ಸಾರಿಗೆ ಒಗ್ಗರಣೆ ಹಾಕಿ ಬರುವಷ್ಟರಲ್ಲಿ ಹಗ್ಗದ ಮೇಲೆ ಕ್ಲಿಪ್ಪುಗಳು ಮಾತ್ರ ಇದ್ದವು. ಅರ್ಧ ಗಂಟೆಯ ಮೇಲೆ ಒಬ್ಬರು ಮುದುಕರು ಹಿಂಬಾಗಿಲಿಗೆ ಬಂದರು. ಕೈಯಲ್ಲಿ ಉದ್ದನೆಯ ಕೋಲು, ಕೋಲಿನ ತುದಿಯಲ್ಲಿ ಸತ್ತ ಹಾವನ್ನು ಎತ್ತಿ ತಂದ ಹಾಗೆ ನನ್ನ ಸೀರೆ. ಅದು ಎರಡು ಹೊಲ ದಾಟಿ ಅವರ ಕುರಿಗಳ ಮೇಲೆ ಬಿದ್ದು, ಕುರಿಗಳು ಬೆದರಿ ಬೇಲಿ ಮುರಿದಿದ್ದವಂತೆ.

“ಯಾವ ದೇಶ ಗೆದ್ದೆ ಅಂತ ಬಾವುಟ ಹಾರ್ಸಿದ್ದೀಯ?”

“ಕ್ಷಮಿಸಿ ಅಂಕಲ್,” ಎಂದೆ.

“ನಾನು ನಿನ್ನ ಅಂಕಲ್ ಅಲ್ಲ. ನನ್ನ ಹೆಸರು ಡೆಕ್ಲನ್. ನೀನು ನಿಂತಿರೋ ಮನೆ ನಂದು. ಇನ್ನೊಂದು ಸಲ ನನ್ನ ಕುರಿಗೆ ಬಟ್ಟೆ ಉಡಿಸಿದ್ರೆ ಅವುಗಳ ಉಣ್ಣೆ ಕತ್ರಿಸೋ ಕೆಲಸ ನಿಂದೇಯ.”

ಅವರು ಆಡಿದ್ದು ಇಂಗ್ಲಿಷೇ. ಆದರೆ ಈ ಕಡೆಯವರ ಇಂಗ್ಲಿಷ್ ನನ್ನ ಕಿವಿಗೆ ನಂಜನಗೂಡಿನ ಸಂತೆಯಲ್ಲಿ ಗೌಡರೊಬ್ಬರು ಗದರುವ ಹಾಗೆ ಕೇಳುತ್ತದೆ. ಹಾಗಾಗಿ ಹಾಗೆಯೇ ಬರೆಯುತ್ತೇನೆ.

ಮೈಸೂರಿನಲ್ಲಿ ಗಾಳಿ ಎಂದರೆ ಸಂಜೆ ಜಗುಲಿಗೆ ಬಂದು ಕೂತರೆ ಸಿಗುವ ಸುಖ. ‘ಸ್ವಲ್ಪ ಗಾಳಿಗೆ ಬನ್ನಿ’ ಎಂದು ನಾವು ನೆಂಟರನ್ನು ಹೊರಗೆ ಕರೆಯುತ್ತೇವೆ. ಇಲ್ಲಿ ಐರ್ಲೆಂಡಿನಲ್ಲಿ ಗಾಳಿಗೆ ಸರ್ಕಾರವೇ ಬಣ್ಣ ಕೊಡುತ್ತದೆ. ಹಳದಿ ಎಂದರೆ ಹುಷಾರು, ಕಿತ್ತಳೆ ಎಂದರೆ ಹೊರಗೆ ಓಡಾಡಬೇಡಿ, ಕೆಂಪು ಎಂದರೆ ಪ್ರಾಣದ ಮಾತು. ಬೆಳಿಗ್ಗೆ ಎದ್ದು ಫೋನಿನಲ್ಲಿ ಪಂಚಾಂಗ ನೋಡುವಂತೆ ಗಾಳಿಯ ಬಣ್ಣ ನೋಡಿಕೊಂಡೇ ಮಗುವನ್ನು ಶಾಲೆಗೆ ಕಳಿಸಬೇಕು.

ನಮ್ಮನೆಯವರು, ಗಿರೀಶ್, ವಾಟರ್‌ಫರ್ಡ್‌ನ ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುವ ಕೆಲಸದಲ್ಲಿದ್ದಾರೆ. ಮೊದಲ ಐದು ವರ್ಷ ನಾವು ಡಬ್ಲಿನ್ ಪಕ್ಕದ ಡನ್ ಲಿಯರಿಯಲ್ಲಿದ್ದೆವು. ಮಗಳು ಅನಿಕಾ ಹುಟ್ಟಿದ್ದು ಅಲ್ಲಿಯೇ. ಸಂಜೆ ಸಮುದ್ರದೊಳಕ್ಕೆ ಚಾಚಿದ ಕಲ್ಲಿನ ಕಟ್ಟೆಯ ಮೇಲೆ ನಡೆದರೆ ನಾಲ್ಕು ಜನ ಕನ್ನಡದವರು ಸಿಗುತ್ತಿದ್ದರು, ‘ಏನಡುಗೆ ಇವತ್ತು’ ಎಂದು ಕೇಳುತ್ತಿದ್ದರು. ವಾಟರ್‌ಫರ್ಡ್‌ಗೆ ಬಂದ ಮೇಲೆ ಬಾಡಿಗೆ ಮನೆಯೇ ಸಿಗಲಿಲ್ಲ. ಒಂದು ಮನೆ ನೋಡಲು ಹೋದರೆ ಬಾಗಿಲಿನಿಂದ ರಸ್ತೆಯವರೆಗೆ ಜನ, ರೇಷನ್ ಅಂಗಡಿಯ ಮುಂದಿನ ಹಾಗೆ. ಕೊನೆಗೆ ಸಿಕ್ಕಿದ್ದು ಊರಿನಿಂದ ಅರ್ಧ ಗಂಟೆ ದೂರದ, ಸಮುದ್ರಕ್ಕೆ ಎದೆಯೊಡ್ಡಿದ ಈ ಕಲ್ಲಿನ ಮನೆ. ಡೆಕ್ಲನ್ ಅವರ ತಾಯಿ ಇದ್ದು ಸತ್ತ ಮನೆ. ಅವರು ಒಬ್ಬರೇ ಎರಡು ಹೊಲದಾಚೆ ಇದ್ದಾರೆ.

ಎಪ್ಪತ್ತು ದಾಟಿದವರನ್ನು ಹೆಸರು ಹಿಡಿದು ಕರೆಯಲು ನನಗೆ ಎರಡು ತಿಂಗಳು ಬೇಕಾಯಿತು. ಅಷ್ಟು ದಿನವೂ ಅವರನ್ನು ಕರೆಯಬೇಕಾದರೆ ಕೆಮ್ಮುತ್ತಿದ್ದೆ. “ಈ ಹೆಂಗಸಿಗೆ ಕ್ಷಯ ಇದ್ದೀತು, ಆಸ್ಪತ್ರೆಗೆ ಕರ್ಕೊಂಡು ಹೋಗು,” ಎಂದು ಅವರು ಗಿರೀಶರಿಗೆ ಹೇಳಿದರು. ಗಿರೀಶ್ ಆ ಮಾತನ್ನು ಸಿಕ್ಕಿದವರಿಗೆಲ್ಲ ಹೇಳಿ ನಕ್ಕರು.

ನಿಜವಾಗಿ ಕೆಮ್ಮು ಇದ್ದದ್ದು ಅನಿಕಾಗೆ. ಊರಿನಲ್ಲಿ ಬೂಷ್ಟು ಬರುವುದು ಉಪ್ಪು ಕಡಿಮೆಯಾದ ಉಪ್ಪಿನಕಾಯಿಗೆ. ಇಲ್ಲಿ ಅದು ನನ್ನ ಮಗಳ ದಿಂಬಿನ ಪಕ್ಕದ ಗೋಡೆಗೆ ಬರುತ್ತಿತ್ತು, ಕಪ್ಪಗೆ, ಎಳ್ಳು ಚೆಲ್ಲಿದ ಹಾಗೆ. ಒರೆಸಿದರೆ ವಾರದಲ್ಲಿ ಮತ್ತೆ ಹಾಜರು. ಉಸಿರೆಳೆದರೆ ಅವಳ ಎದೆಯಲ್ಲಿ ಸಣ್ಣ ಸೀಟಿ ಕೇಳುತ್ತಿತ್ತು. ಡಾಕ್ಟರು ಬಾಯಿಗೆ ಹಿಡಿದು ಔಷಧಿ ಎಳೆದುಕೊಳ್ಳುವ ಪಂಪು ಕೊಟ್ಟು, ಕೋಣೆ ಬೆಚ್ಚಗೆ, ಒಣಗಿದಂತೆ ಇರಬೇಕು ಎಂದರು. ಈ ಮನೆಯಲ್ಲಿ ಕರೆಂಟಿನ ಹೀಟರು ಎಷ್ಟು ಉರಿದರೂ ಕಲ್ಲು ಅದನ್ನು ಕುಡಿದು ಮತ್ತೆ ತಣ್ಣಗೆ ಕೂರುತ್ತಿತ್ತು. ಆ ಒಂದು ಕೋಣೆ ಹಗಲೂ ರಾತ್ರಿ ಬೆಚ್ಚಗಿರಬೇಕು. ಆಗ ನನಗೆ ಬೇಕಿದ್ದದ್ದು ಇಷ್ಟೇ.

ಹಿತ್ತಲಿನ ಆಚೆ, ಬೇಲಿಯ ಪಕ್ಕದ ಹೊಲದಲ್ಲಿ ಒಂದು ಕಬ್ಬಿಣದ ಕಂಬ ಮಲಗಿತ್ತು. ಮೇಲೆ ಹುಲ್ಲು ಬೆಳೆದಿತ್ತು. ಅದೇನು ಎಂದು ಡೆಕ್ಲನ್ ಅವರನ್ನು ಕೇಳಿದೆ.

“ಗಾಳಿ ಫ್ಯಾನು. ನಾನೇ ಮಾಡಿದ್ದು. ಅಮ್ಮ ಇರೋವರ್ಗೂ ಅವಳ ಕೋಣೆ ಕಾಯಿಸ್ತಿತ್ತು. ಅಮ್ಮ ಹೋದ್ಳು, ಇವಳನ್ನೂ ಮಲಗಿಸ್ದೆ.”

ಇಲ್ಲಿಯ ಗಂಡಸರು ದೋಣಿ, ಟ್ರ್ಯಾಕ್ಟರು, ಗಾಳಿಯಂತ್ರಗಳನ್ನೆಲ್ಲ ‘ಅವಳು’ ಎನ್ನುತ್ತಾರೆ.

“ಇನ್ನೊಮ್ಮೆ ಎಬ್ಬಿಸಬಹುದಾ?”

ಅವರು ನನ್ನ ಕೈಗಳನ್ನು ನೋಡಿದರು. “ಎಬ್ಬಿಸ್ಬೋದು. ನಿನ್ನ ಕೈಲಿ ಏನು ಬರ್ತದೆ? ಪ್ರಾರ್ಥನೆ ಬಿಟ್ಟು?”

ಕಸೂತಿ ಬರುತ್ತದೆ ಎಂದೆ. ನಾನು ಓದಿದ ಕಾನ್ವೆಂಟಿನಲ್ಲಿ ಹೊಲಿಗೆ ಕಲಿಸುತ್ತಿದ್ದ ವಯಸ್ಸಾದ ಸಿಸ್ಟರ್ ಐರ್ಲೆಂಡಿನವರೇ. ಹೊಲಿಗೆ ನೇರ ಬಂದರೆ ‘ಗ್ರ್ಯಾಂಡ್’ ಎನ್ನುತ್ತಿದ್ದರು. ವಕ್ರವಾದರೆ ಬೆರಳ ಗೆಣ್ಣಿನ ಮೇಲೆ ಸ್ಕೇಲು. ಇಲ್ಲಿಗೆ ಬಂದ ಮೇಲೆ ಗೊತ್ತಾಯಿತು, ಈ ದೇಶದಲ್ಲಿ ಎಲ್ಲದಕ್ಕೂ ‘ಗ್ರ್ಯಾಂಡ್’ ಎನ್ನುತ್ತಾರೆ. ಚೆನ್ನಾಗಿದೆ, ಆಗಲಿ, ಪರವಾಗಿಲ್ಲ, ಸಾಕು ಬಿಡು, ಎಲ್ಲಕ್ಕೂ ಅದೇ ಮಾತು. ಆ ಸಿಸ್ಟರ್ ‘ಮುಗಿಯಿತಾ?’ ಎಂದು ಕೇಳಿದರೆ, ಮುಗಿಯದಿದ್ದರೂ ‘ಮುಗಿಯಿತು ಸಿಸ್ಟರ್’ ಎನ್ನುವುದನ್ನೂ ನಾನು ಅಲ್ಲಿಯೇ ಕಲಿತೆ. ಅವರು ಮುಂದಿನ ಬೆಂಚಿಗೆ ಹೋಗುವಷ್ಟರಲ್ಲಿ ಬೇಗ ಬೇಗ ಮುಗಿಸಿಬಿಡುತ್ತಿದ್ದೆ. ಒಂದು ಸಲವೂ ಸಿಕ್ಕಿಬೀಳಲಿಲ್ಲ.

ಚಳಿಗಾಲವಿಡೀ ಡೆಕ್ಲನ್ ಅವರ ಕೊಟ್ಟಿಗೆಯಲ್ಲಿ ಕೆಲಸ. ಅನಿಕಾ ಶಾಲೆಗೆ ಹೋದ ಮೇಲೆ ಎರಡು ಹೊಲ ದಾಟಿ ಹೋಗುತ್ತಿದ್ದೆ. ತೆಳ್ಳನೆಯ ತಾಮ್ರದ ತಂತಿಯನ್ನು ಮರದ ಅಚ್ಚಿನ ಮೇಲೆ ಸುತ್ತಿ ಸುರುಳಿ ಮಾಡಬೇಕು. ಸುತ್ತು ಎಣಿಸಿಕೊಂಡಿರಬೇಕು, ಒಂದರ ಮೇಲೊಂದು ಹತ್ತಬಾರದು. ಅಂಥ ಒಂಬತ್ತು ಸುರುಳಿ. ಅವನ್ನು ದುಂಡಗೆ ಜೋಡಿಸಿ, ಅಂಟು ಹೊಯ್ದು ಬಿಲ್ಲೆ ಮಾಡಿ, ಎರಡು ಉಕ್ಕಿನ ತಟ್ಟೆಗಳ ನಡುವೆ ಕೂರಿಸುವುದು. ತಟ್ಟೆಗಳಿಗೆ ಅಯಸ್ಕಾಂತ. ಗಾಳಿ ರೆಕ್ಕೆ ತಿರುಗಿಸಿದರೆ ತಟ್ಟೆ ತಿರುಗುತ್ತದೆ, ತಾಮ್ರದಲ್ಲಿ ಕರೆಂಟು ಹುಟ್ಟುತ್ತದೆ, ಅದು ನೇರ ಮಗಳ ಕೋಣೆಯ ಹೀಟರಿಗೆ. ಗಾಳಿ ಇದ್ದರೆ ಬಿಸಿ, ಇಲ್ಲದಿದ್ದರೆ ಇಲ್ಲ. ಈ ಗುಡ್ಡದಲ್ಲಿ ಇಲ್ಲದ ದಿನ ಕಡಿಮೆ.

ಅಯಸ್ಕಾಂತದ ಹತ್ತಿರ ಬಗ್ಗಿದ ಮೊದಲ ದಿನ ನನ್ನ ಬಳೆಗೆ ಸಿಕ್ಕಿಸಿದ್ದ ಸೇಫ್ಟಿ ಪಿನ್ನುಗಳೆಲ್ಲ ಚಟಪಟ ಹೋಗಿ ಅಂಟಿಕೊಂಡವು, ಕೈಯೂ ಜೊತೆಗೆ. ಡೆಕ್ಲನ್ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. “ಇಷ್ಟೊಂದು ಪಿನ್ನು ಯಾಕೆ? ನಿನ್ನನ್ನ ಬಿಡಿ ಬಿಡಿಯಾಗಿ ತಂದು ಜೋಡಿಸವ್ರಾ?”

ರೆಕ್ಕೆ ಕೆತ್ತುವುದು ಅವರ ಕೆಲಸ. ಲಾರ್ಚ್ ಎಂಬ ಮರದ ಹಲಗೆ, ನನ್ನ ಎದೆಯೆತ್ತರದ ಮೂರು ರೆಕ್ಕೆ. ಕೆತ್ತಿದ ಮೇಲೆ ಕಣ್ಣು ಮುಚ್ಚಿ ಬಲಗೈಯ ಬೆರಳುಗಳನ್ನು ಬುಡದಿಂದ ತುದಿಗೆ ಸವರುತ್ತಿದ್ದರು. ಕೂದಲೆಳೆಯಷ್ಟು ದಪ್ಪವಿದ್ದರೂ ಬೆರಳು ನಿಲ್ಲುತ್ತಿತ್ತು. “ನೋಡಿದ್ದನ್ನ ನಂಬಲ್ಲ ನಾನು. ಮುಟ್ಟಿದ್ದನ್ನ ನಂಬ್ತೀನಿ,” ಎನ್ನುತ್ತಿದ್ದರು. ನನ್ನ ಸುರುಳಿಗಳನ್ನೂ ಹಾಗೆಯೇ ಕಣ್ಣುಮುಚ್ಚಿ ಮುಟ್ಟಿ, ಎರಡನ್ನು ಬಿಚ್ಚಿಹಾಕಿದರು. ಉಳಿದ ಏಳಕ್ಕೆ, “ಗ್ರ್ಯಾಂಡ್,” ಎಂದರು. ಅಂದು ಮನೆಗೆ ಬರುವಾಗ ಹೊಲದ ನಡುವೆ ನಿಂತು ಸ್ವಲ್ಪ ಅತ್ತೆ. ಆ ಸಿಸ್ಟರ್ ಆದಮೇಲೆ ಅಷ್ಟು ವರ್ಷಗಳಲ್ಲಿ ನನ್ನ ಕೈಕೆಲಸಕ್ಕೆ ಯಾರೂ ಒಂದು ಮಾತು ಹೇಳಿರಲಿಲ್ಲ.

ಗಿರೀಶ್ ಒಂದು ಮಾತು ಹೇಳುತ್ತಿದ್ದರು, ಬೇರೆಯದು. ವಾಟರ್‌ಫರ್ಡ್‌ನಲ್ಲಿ ಯಾರದೋ ಮನೆಯ ಊಟಕ್ಕೆ ಹೋದಾಗ, “ಕರೆಂಟ್ ಹೋದ್ರೆ ಹೇಳಿ, ನಮ್ಮನೇಲಿ ಲೈನ್‌ಮನ್ ಇದ್ದಾಳೆ. ಸಂಬಳ ಇಲ್ಲ, ಊಟ ಬಟ್ಟೆ ಮಾತ್ರ,” ಎಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ.

ಕಂಬ ನಿಲ್ಲಿಸುವ ದಿನ ಡೆಕ್ಲನ್ ಒಂದೇ ಒಂದು ಷರತ್ತು ಹಾಕಿದರು. ಕಂಬದ ಬುಡಕ್ಕೆ ಕೀಲು ಇದೆ. ಪಕ್ಕದಲ್ಲಿ ವಿಂಚ್, ಅಂದರೆ ಹಲ್ಲಿನ ಚಕ್ರವಿರುವ ಒಂದು ರಾಟೆ. ಅದಕ್ಕೆ ಹ್ಯಾಂಡಲ್ ಸಿಕ್ಕಿಸಿ ತಿರುಗಿಸಿದರೆ ಉಕ್ಕಿನ ಹಗ್ಗ ಬಿಟ್ಟುಕೊಳ್ಳುತ್ತ ಇಡೀ ಕಂಬ ಮೆಲ್ಲನೆ ನೆಲಕ್ಕೆ ಮಲಗುತ್ತದೆ. ಹ್ಯಾಂಡಲ್ ಒಂದೇ ಇತ್ತು, ಮೊಣಕೈಯಂತೆ ಬಗ್ಗಿದ ಕಬ್ಬಿಣ. ಮಕ್ಕಳು ಆಡಬಾರದೆಂದು ಅದನ್ನು ನನ್ನ ಅಡುಗೆಮನೆಯ ಮೊಳೆಗೆ ನೇತುಹಾಕಿದೆವು.

“ಹಳದಿ ಬಂದ್ರೆ ಬ್ರೇಕ್ ಸ್ವಿಚ್ಚು ಹಾಕಿ ನಿಲ್ಸು, ಸಾಕು. ಕಿತ್ತಳೆ ಬಂದ್ರೆ ಸ್ವಿಚ್ಚನ್ನ ನಂಬಬೇಡ, ಇಳಿಸು. ಇಳಿಸಿ ನಂಗೊಂದು ಮಾತು ಹೇಳು. ಆ ಗಾಳೀಲಿ ಕುರಿ ಕೆಳಗಿನ ಹೊಲದಲ್ಲಿ ನಿಲ್ಲಲ್ಲ. ನಿನ್ನ ಹಿತ್ತಲ ಬೇಲಿ ಮರೆಗೇ ತರಬೇಕು ನಾನು, ಇವಳ ಕಾಲಡೀಲೇ. ಇವಳು ಮಲಗವ್ಳೆ ಅಂತ ನೀನು ಹೇಳಿದ್ರೇನೇ ನಾನು ಬರೋದು.”

“ಹೇಳ್ತೀನಿ,” ಎಂದೆ. ಆ ಮಾತನ್ನು ನಾನು ಏನು ಮಾಡಿದೆ ಎಂದು ಹೇಳುವುದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲಿಗೆ ಎಲ್ಲ ಚೆನ್ನಾಗಿತ್ತು. ರೆಕ್ಕೆ ತಿರುಗಿತು, ಹೀಟರು ಬಿಸಿಯಾಯಿತು. ಮೂರು ವಾರದಲ್ಲಿ ದಿಂಬಿನ ಪಕ್ಕದ ಗೋಡೆ ಬೆಳ್ಳಗಾಯಿತು, ಬೇಸಿಗೆಯ ಹೊತ್ತಿಗೆ ಅನಿಕಾಳ ಎದೆಯ ಸೀಟಿ ನಿಂತಿತು. ಈ ದೇಶಕ್ಕೆ ಬಂದಾಗಿನಿಂದ ನನ್ನ ದೋಸೆ ಹಿಟ್ಟು ಒಂದು ದಿನವೂ ಸರಿಯಾಗಿ ಉಬ್ಬಿರಲಿಲ್ಲ. ಆ ಕೋಣೆಯ ಮೂಲೆಯಲ್ಲಿ ಪಾತ್ರೆ ಇಟ್ಟೆ. ಬೆಳಿಗ್ಗೆ ಮುಚ್ಚಳ ಎತ್ತಿಕೊಂಡು ಹೊರಗೆ ಬಂದಿತ್ತು. ಡೆಕ್ಲನ್‌ಗೆ ಐದು ದೋಸೆ ಕೊಟ್ಟೆ. ಬೆಣ್ಣೆ, ಸಕ್ಕರೆ ಹಾಕಿಕೊಂಡು ತಿಂದು, “ಚಟ್ನಿ ಅಂತ ನೀನು ಕೊಟ್ಟ ಹಸಿರು ಶಿಕ್ಷೆ ಬೇಡ,” ಎಂದರು.

ಸೆಪ್ಟೆಂಬರಿನಲ್ಲಿ ಅತ್ತೆ ಬಂದರು, ಮೂರು ತಿಂಗಳಿಗೆ. ಬಂದವರೇ ಮನೆಯಲ್ಲಿ ಬೆಚ್ಚಗಿರುವುದು ಮೊಮ್ಮಗಳ ಕೋಣೆ ಎಂದು ಕಂಡುಕೊಂಡು ಅಲ್ಲಿಯೇ ಹಾಸಿಗೆ ಹಾಕಿಸಿದರು. ಅಲ್ಲಿ ಕೂತೇ ಕಿಟಕಿಯಿಂದ ಕಂಬ ನೋಡಿ, “ನನ್ ಮಗ ಇಷ್ಟ್ ದೂರ ಬಂದು ದುಡೀತಾನೆ, ಹೆಂಡ್ತಿ ಮುದುಕನ ಕೊಟ್ಟಿಗೇಲಿ ತಂತಿ ಸುತ್ತುತಾಳೆ,” ಎಂದರು.

“ಅತ್ತೆ, ನೀವು ಕೂತಿರೋ ಬಿಸಿ ಆ ತಂತೀದೇ,” ಎಂದೆ, ಆದಷ್ಟು ಮೆತ್ತಗೆ.

“ಅದಕ್ಕೇ ಕಣಮ್ಮ ಮೈಯೆಲ್ಲ ಒಂಥರಾ ಕಡಿಯುತ್ತೆ.”

ಅವರಿಗೆ ನನ್ನ ಮೇಲೆ ಹಳೆಯ ದೂರೊಂದಿದೆ. ಮದುವೆಯಾದ ಮೊದಲ ವರ್ಷ ಗೌರಿ ಹಬ್ಬದಲ್ಲಿ ನಾನು ಯಾವುದೋ ಶಾಸ್ತ್ರ ತಪ್ಪಿಸಿದೆನಂತೆ. ಅಂದಿನಿಂದ, “ಚರ್ಚಿನ ಶಾಲೇಲಿ ಓದಿದೋಳು, ಮೊಣಕಾಲೂರಕ್ಕೆ ಬರುತ್ತೆ, ನಮಸ್ಕಾರ ಮಾಡಕ್ಕೆ ಬರಲ್ಲ,” ಎಂದು ನೆಂಟರ ಮುಂದೆಲ್ಲ ಹೇಳುತ್ತಾರೆ. ಅವರು ಇಲ್ಲಿಗೆ ಬಂದ ಆ ವರ್ಷದ ನವರಾತ್ರಿಯಲ್ಲಾದರೂ ಒಂದು ಮಾತು ಬಾರದಂತೆ ಮಾಡಬೇಕೆಂದು ನಾನು ಹಠ ತೊಟ್ಟಿದ್ದೆ. ಅವರು ಸೂಟ್‌ಕೇಸಿನಲ್ಲಿ ತಂದ ಪಟ್ಟದ ಗೊಂಬೆಗಳಿಗೆ ಮೆಟ್ಟಿಲು ಕಟ್ಟಿದೆ. ದಿನಕ್ಕೊಂದು ಉಸಲಿ ಮಾಡಿದೆ. ಪಕ್ಕದಲ್ಲಿ ಕರೆಯಲು ಒಬ್ಬ ಮುತ್ತೈದೆ ಇಲ್ಲದ ಕಡೆ ಅರಿಶಿನ ಕುಂಕುಮದ ತಟ್ಟೆ ಹಿಡಿದು ಕಿಟಕಿಯಾಚೆಯ ಕುರಿ ನೋಡುತ್ತಿದ್ದೆ.

ಆಯುಧಪೂಜೆಯ ದಿನ ಬೆಳಿಗ್ಗೆ ಅತ್ತೆ ಮನೆಯ ಆಯುಧಗಳನ್ನೆಲ್ಲ ಮಣೆಯ ಮೇಲೆ ಜೋಡಿಸಿದರು. ಚಾಕು, ಕತ್ತರಿ, ಲ್ಯಾಪ್‌ಟಾಪ್, ಕಾರಿನ ಕೀ. ಕೊನೆಗೆ ಮೊಳೆಯಿಂದ ಆ ಹ್ಯಾಂಡಲ್ ತೆಗೆದು ತಂದರು. “ಅದಕ್ಕೂ ಆಗ್ಲಿ. ಇವತ್ತೊಂದಿನ ಆ ಫ್ಯಾನೂ ಸುಮ್ನಿರ್ಲಿ. ಯಂತ್ರಕ್ಕೂ ಬಿಡುವು ಬೇಡ್ವಾ?” ನಾನು ಹೋಗಿ ಸ್ವಿಚ್ಚು ಹಾಕಿ ರೆಕ್ಕೆ ನಿಲ್ಲಿಸಿದೆ, ಕಂಬದ ಬುಡಕ್ಕೆ ಹೂ ಕಟ್ಟಿದೆ. ಅತ್ತೆಯ ಮನೆಯ ಪದ್ಧತಿಯಲ್ಲಿ ಪೂಜೆಗಿಟ್ಟದ್ದನ್ನು ಮರುದಿನ ದಶಮಿಯ ಬೆಳಿಗ್ಗೆ ಮರುಪೂಜೆ ಆಗುವ ತನಕ ಮುಟ್ಟುವ ಹಾಗಿಲ್ಲ. ಅದಕ್ಕೇ ತರಕಾರಿಯನ್ನು ಹಿಂದಿನ ದಿನವೇ ಹೆಚ್ಚಿಟ್ಟಿದ್ದೆ.

ಮಂಗಳಾರತಿ ಆಯಿತು. ಗಿರೀಶ್ ಗಡಿಯಾರ ನೋಡಿ ಕಾರಿನ ಕೀ ಎತ್ತಿಕೊಂಡರು.

“ಅತ್ತೆ, ಅದು...” ಎಂದೆ.

“ಅವನು ಡ್ಯೂಟಿಗೆ ಹೋಗ್ಬೇಕಲ್ಲ, ದೇವರಿಗೆ ಗೊತ್ತಾಗಲ್ವಾ?” ಎಂದರು ಅತ್ತೆ.

ಗಾಳಿಯ ಬಣ್ಣ ಬೆಳಿಗ್ಗೆ ಹಳದಿ ಇತ್ತು. ಹನ್ನೊಂದಕ್ಕೆ ಡೆಕ್ಲನ್ ಫೋನು. “ಬಣ್ಣ ಬದಲಾಗೈತೆ, ಎರಡು ಗಂಟೆಯಿಂದ ಕಿತ್ತಳೆ. ಅವಳನ್ನ ಇಳಿಸು. ನಾನು ಕೆಳಗೆ ಕುರಿ ಕೂಡಿಹಾಕ್ತಾ ಇದ್ದೀನಿ, ನಾನು ಬರಕ್ಕಾಗಲ್ಲ. ಒಬ್ಬಳೇ ಮಾಡ್ತೀಯಾ?”

“ಮಾಡ್ತೀನಿ,” ಎಂದೆ.

ದೇವರ ಮುಂದೆ ಹೋಗಿ ನಿಂತೆ. ಹ್ಯಾಂಡಲ್ ಮಣೆಯ ತುದಿಯಲ್ಲಿತ್ತು, ಮೇಲೆ ಕುಂಕುಮ, ಎರಡು ಸೇವಂತಿಗೆ ಎಸಳು. ಕೈ ಚಾಚಿದೆ.

“ಏನೇ ಅದು?” ಅತ್ತೆ ಬಾಗಿಲಲ್ಲಿದ್ದರು.

“ಬಿರುಗಾಳಿ ಬರುತ್ತಂತೆ ಅತ್ತೆ. ಕಂಬ ಇಳಿಸ್ಬೇಕು.”

“ನಿಂತೇ ಇದೆಯಲ್ಲ ಅದು, ತಿರುಗ್ತಿಲ್ಲವಲ್ಲ. ನಾಳೆ ಬೆಳಿಗ್ಗೆ ಪೂಜೆ ಆದ್ಮೇಲೆ ಏನ್ ಬೇಕಾದ್ರೂ ಮಾಡ್ಕೋ. ಎಷ್ಟ್ ಚೆನ್ನಾಗಿ ಮಾಡ್ದೆ ಈ ಸಲ ಅಂತ ಈಗ್ ತಾನೇ ನಿಮ್ಮ ಚಿಕ್ಕತ್ತೆಗೆ ಫೋನಲ್ಲಿ ಹೇಳ್ದೆ. ಬಾಯಿ ಮುಚ್ಚೋ ಮುಂಚೆ ಕೆಡಿಸ್ಬಿಟ್ಯಲ್ಲೇ.”

ಹನ್ನೊಂದು ವರ್ಷಕ್ಕೆ ಮೊದಲ ಸಲ ಅವರು ನನ್ನನ್ನು ಹೊಗಳಿದ್ದರು, ನನಗೆ ಕೇಳಿಸದ ಹಾಗೆ. ನಾನು ಕೈ ಹಿಂದಕ್ಕೆ ತೆಗೆದುಕೊಂಡೆ.

ಗಿರೀಶರಿಗೆ ಫೋನು ಮಾಡಿದೆ. “ರೀ, ಅತ್ತೆ ಹ್ಯಾಂಡಲ್ ಮುಟ್ಟಬೇಡ ಅಂತಾರೆ.”

“ಹಬ್ಬದ ದಿನ ಅಮ್ಮನ ಜೊತೆ ಜಗಳ ಬೇಕಾ ನಿಂಗೆ? ಬ್ರೇಕ್ ಹಾಕಿದ್ದೀಯಲ್ಲ, ಏನಾಗುತ್ತೆ? ಇಲ್ಲಿ ಹತ್ತು ಪೇಷೆಂಟ್ ಕೂತಿದ್ದಾರೆ, ನಿಮ್ಮ ಫ್ಯಾನ್ ಪಂಚಾಯ್ತಿ ಮಾಡ್ಲಾ?”

ಮಧ್ಯಾಹ್ನ ಒಂದು ಗಂಟೆಯಾಯಿತು. ನೆಗಡಿಯೆಂದು ಅಂದು ಶಾಲೆಗೆ ಕಳಿಸದ ಅನಿಕಾ ನನ್ನ ಪಕ್ಕದಲ್ಲೇ ಬಣ್ಣ ಹಚ್ಚುತ್ತ ಕೂತಿದ್ದಳು. ಫೋನು ಬಂತು. ಅದರಲ್ಲೇ ಗಾಳಿ ಕೇಳುತ್ತಿತ್ತು.

“ಮಲಗವ್ಳಾ?” ಎಂದರು ಡೆಕ್ಲನ್.

ಅತ್ತೆ ದೇವರ ಮಣೆಯ ಪಕ್ಕದಲ್ಲೇ ಕೂತು ತೂಕಡಿಸುತ್ತಿದ್ದರು. ಅವರು ಒಳಗೆ ಹೋಗಿ ಮಲಗಿದ ತಕ್ಷಣ ಹ್ಯಾಂಡಲ್ ತೆಗೆದುಕೊಂಡು ಓಡಿ ಇಳಿಸಿ, ಮತ್ತೆ ಅದೇ ಜಾಗದಲ್ಲಿ, ಅದೇ ಎಸಳುಗಳ ಕೆಳಗೆ ಇಟ್ಟುಬಿಡುತ್ತೇನೆ. ಹತ್ತು ನಿಮಿಷದ ಕೆಲಸ. ಡೆಕ್ಲನ್ ಕುರಿ ಹೊಡೆದುಕೊಂಡು ಮೇಲೆ ಬರಲು ಅರ್ಧ ಗಂಟೆ ಬೇಕು. ಯಾರಿಗೂ ಏನೂ ಗೊತ್ತಾಗುವುದಿಲ್ಲ.

“ಮಲಗಿದ್ದಾಳೆ,” ಎಂದೆ.

“ಗ್ರ್ಯಾಂಡ್,” ಎಂದು ಫೋನಿಟ್ಟರು. ಮುಟ್ಟಿದ್ದನ್ನು ಮಾತ್ರ ನಂಬುವವರು ಒಂದೂ ಮರುಪ್ರಶ್ನೆ ಕೇಳಲಿಲ್ಲ.

ಅನಿಕಾ ಬಣ್ಣದ ಪೆನ್ಸಿಲ್ ಎತ್ತಿ ಕಿಟಕಿ ನೋಡಿದಳು. ಅವಳಿಗೆ ಕನ್ನಡ ಅರ್ಥವಾಗುತ್ತದೆ, ಉತ್ತರ ಮಾತ್ರ ಇಲ್ಲಿಯವರ ಎಳೆತದ ಇಂಗ್ಲಿಷಿನಲ್ಲಿ. “ಬಟ್ ಇಟ್ಸ್ ನಾಟ್ ಡೌನ್, ಮಮ್ಮಿ.”

“ಈಗ ಇಳಿಸ್ತೀನಿ ಪುಟ್ಟ, ಸುಮ್ನಿರು.”

ಅತ್ತೆ ಎದ್ದು ಒಳಗೆ ಹೋಗಲಿಲ್ಲ. ಎಚ್ಚರವಾಗಿ, ಕಾಫಿ ಬೇಕೆಂದರು. ಕಾಫಿ ಮಾಡಿದೆ. ಬಿಸಿ ಸಾಲದು ಎಂದರು. ಮತ್ತೆ ಬಿಸಿ ಮಾಡಿದೆ. ಒಲೆಯ ಮುಂದೆ ನಿಂತು ಹಾಲಿನ ಅಂಚಿನಲ್ಲಿ ಗುಳ್ಳೆ ಏಳುವುದನ್ನು ನೋಡುತ್ತಿದ್ದಾಗ ಹೊರಗಿನ ಸದ್ದು ಬದಲಾಯಿತು. ಮೊದಲು ಹೂಂಕಾರ. ಆಮೇಲೆ ಒಂದು ಕಿರುಚು. ಹತ್ತಿರದಲ್ಲಿ ಯಾರೋ ತಗಡು ಎಳೆಯುತ್ತಿದ್ದ ಹಾಗೆ. ಕಿಟಕಿಯಲ್ಲಿ ನೋಡಿದೆ. ಗಾಳಿ ಎರಡಕ್ಕೆ ಕಾಯದೆ ಬಂದುಬಿಟ್ಟಿತ್ತು. ನಿಂತಿದ್ದ ರೆಕ್ಕೆ ಬ್ರೇಕನ್ನು ಮೀರಿ ತಿರುಗುತ್ತಿತ್ತು. ಮೂರು ರೆಕ್ಕೆ ಮೂರಾಗಿ ಕಾಣುತ್ತಿರಲಿಲ್ಲ, ಬಿಳಿಯ ತಟ್ಟೆಯಾಗಿ ಕಾಣುತ್ತಿತ್ತು. ತಾಮ್ರ ಸುಡುವ ವಾಸನೆ ಅಡುಗೆಮನೆಯವರೆಗೆ ಬಂತು.

ಹ್ಯಾಂಡಲ್ ಎತ್ತಿಕೊಂಡು ಓಡಿದೆ. ಅತ್ತೆ ಕೂಗಿದ್ದು ಕೇಳಿಸಿತು. ವಿಂಚಿಗೆ ಸಿಕ್ಕಿಸಿ ತಿರುಗಿಸಿದೆ. ಅದು ಕದಲಲಿಲ್ಲ. ಗಾಳಿ ಆ ಕಡೆಯಿಂದ ಕಂಬವನ್ನು ಒತ್ತಿ ಹಿಡಿದಿತ್ತು. ಕೈಯಲ್ಲಿದ್ದ ಕುಂಕುಮ ಬೆವರಿಗೆ ಕರಗಿ ಕಬ್ಬಿಣ ಜಾರುತ್ತಿತ್ತು.

ಬೇಲಿಯ ತಿರುವಿನಲ್ಲಿ ಕುರಿಗಳು ಕಾಣಿಸಿದವು, ಅವುಗಳ ಹಿಂದೆ ಡೆಕ್ಲನ್. ಅವರು ತಲೆಯೆತ್ತಿ ಕಂಬ ನೋಡಿದರು. ಆಮೇಲೆ ನನ್ನನ್ನು ನೋಡಿದರು, ನನ್ನ ಕೈಯಲ್ಲಿದ್ದ ಹ್ಯಾಂಡಲ್ ನೋಡಿದರು. ನಮ್ಮ ನಡುವೆ ಒಂದು ಗೇಟು ಮಾತ್ರ. ಅವರು ಹಿಂದಕ್ಕೆ ಹೋಗಬಹುದಿತ್ತು, ಬೇಲಿಯ ಮರೆಯಲ್ಲಿ ಕೂರಬಹುದಿತ್ತು. “ಬಿಡು ಅದನ್ನ! ಓಡು!” ಎಂದು ಕೂಗುತ್ತ ನನ್ನನ್ನು ಎಳೆದುಕೊಳ್ಳಲು ಗೇಟಿನ ಚಿಲಕಕ್ಕೆ ಬಲಗೈ ಹಾಕಿದರು. ಮೇಲೆ ಕಟ್ಟಿಗೆ ಸೀಳಿದಂತೆ ಒಂದು ಸದ್ದಾಯಿತು. ಕಿತ್ತುಬಂದ ರೆಕ್ಕೆ ನೇರ ಆ ಚಿಲಕದ ಮೇಲೆ ಬಿತ್ತು.

ಅವರು ಕಿರುಚಲಿಲ್ಲ. ಗೇಟಿಗೆ ಒರಗಿ ಕೂತು, “ಕುರಿ ನೋಡ್ಕೋ,” ಎಂದರು. ನಾನು ಸೆರಗು ಹರಿದು ಕಟ್ಟಿದೆ. ನನ್ನ ಅಂಗೈಯೂ ಕೆಂಪಾಗಿತ್ತು, ಅವರದೂ. ಯಾವುದು ಯಾವುದೆಂದು ನೋಡುವ ಧೈರ್ಯ ನನಗಾಗಲಿಲ್ಲ.

ಗಿರೀಶ್ ಸಂಜೆ ಬಂದು ಊಟಕ್ಕೆ ಕೂತರು. “ಅವರ ಕೈ ಎಕ್ಸ್‌ರೇ ನಾನೇ ತೆಗ್ದೆ. ತೋರುಬೆರಳು, ಮಧ್ಯದ್ದು, ಅದರ ಪಕ್ಕದ್ದು. ಉಳಿಯಲ್ಲ ಮೂರೂ.” ಸ್ವಲ್ಪ ಅನ್ನ ಕಲಸಿಕೊಂಡು ಕೇಳಿದರು, “ಇಳಿಸಿಲ್ಲ ಅಂತ ಒಂದು ಮಾತು ಹೇಳಿದ್ರೆ ಆಗ್ತಿತ್ತು. ಇಳಿಸಿದ್ದೀನಿ ಅಂತ ಯಾಕೆ ಹೇಳ್ದೆ? ಎಲ್ಲರ ಹತ್ರಾನೂ ಒಳ್ಳೆಯವಳಾಗೋ ಚಟ ನಿಂಗೆ.”

ಅವರ ಮೇಲೆ ನನಗೆ ಸಿಟ್ಟು ಬರಬೇಕಿತ್ತು. ಆ ಮಾತು ನಿಜವಾದ್ದರಿಂದ ಬರಲಿಲ್ಲ.

ಅತ್ತೆ ನನ್ನ ಕಡೆ ನೋಡದೆ ಹೇಳಿದರು. “ಪೂಜೆಗಿಟ್ಟದ್ದನ್ನ ಮುಟ್ಟಿದ್ಲು, ಕಣ್ಣೆದುರೇ ಆಯ್ತು ನೋಡು. ಅವಳು ಮುಟ್ಟೋ ತನಕ ಏನೂ ಆಗಿರ್ಲಿಲ್ಲ.” ಡಿಸೆಂಬರಿನಲ್ಲಿ ಊರಿಗೆ ಹೋದ ಮೇಲೆ ಅವರು ಇದನ್ನೇ ಎಲ್ಲರಿಗೂ ಹೇಳಿದ್ದಾರೆ. ಈಗ ಮೈಸೂರಿನ ನೆಂಟರ ಮನೆಗಳಲ್ಲಿ ಇದು ನನ್ನ ಕಥೆ: ಆಯುಧಪೂಜೆ ಕೆಡಿಸಿ ಒಬ್ಬ ಮುದುಕನ ಬೆರಳು ತೆಗೆಸಿದವಳು.

ನಾಲ್ಕನೆಯ ದಿನ ಆಸ್ಪತ್ರೆಗೆ ಹೋದೆ. ಅವರ ಕೈ ಬಿಳಿಯ ಬಟ್ಟೆಯಲ್ಲಿ ಸುತ್ತಿ ಮೇಲಕ್ಕೆ ಕಟ್ಟಿತ್ತು.

“ಯಾಕೆ ಹಾಗೆ ಹೇಳ್ದೆ?” ಎಂದರು.

ಎಲ್ಲ ಹೇಳಿದೆ. ಆಯುಧಪೂಜೆ ಎಂದರೇನು, ಮಣೆ, ಕುಂಕುಮ, ಮುಟ್ಟಬಾರದ ಪದ್ಧತಿ, ಅತ್ತೆ, ಕಾಫಿ. ಅವರು ಕಣ್ಣುಮುಚ್ಚಿ ಕೇಳಿದರು.

“ಹಂಗಾದ್ರೆ ಹ್ಯಾಂಡಲ್ ಪ್ರಾರ್ಥನೆಗೆ ಹೋಗಿತ್ತು. ನಮ್ಮಮ್ಮನೂ ಭಾನುವಾರ ಸೂಜಿ ಮುಟ್ತಿರ್ಲಿಲ್ಲ.” ಕಣ್ಣು ತೆರೆದು ಹೇಳಿದರು, “ಆದ್ರೆ ಭಾನುವಾರ ಕುರಿ ಹಳ್ಳಕ್ಕೆ ಬಿದ್ರೆ ಎತ್ತುತಿದ್ಲು.”

ನಾನು ಅಳತೊಡಗಿದೆ.

“ಅಳಬೇಡ, ನರ್ಸು ನಿನ್ನ ನೋಡಿ ನಾನು ಸಾಯ್ತಿದ್ದೀನಿ ಅಂದ್ಕೊಂಡಾಳು. ಒಂಬತ್ತು ಸುರುಳಿ ಸುಟ್ಟೋಗೈತೆ. ಒಂಬತ್ತೂ ನೀನೇ ಸುತ್ತು. ರೆಕ್ಕೆನೂ ನೀನೇ ಕೆತ್ತು. ನಾನು ಕುರ್ಚಿ ಹಾಕ್ಕೊಂಡು ಬೈತೀನಿ.”

ಕ್ಷಮಿಸಿದ್ದೇನೆ ಎಂದು ಅವರು ಅಂದೂ ಹೇಳಲಿಲ್ಲ, ಇಂದಿಗೂ ಹೇಳಿಲ್ಲ. ನಾನು ಕೇಳಿಲ್ಲ.

ಎರಡನೆಯ ಚಳಿಗಾಲ ಹಾಗೆಯೇ ಕಳೆಯಿತು. ಅನಿಕಾಳ ಗೋಡೆಗೆ ಎಳ್ಳು ಮತ್ತೆ ಬಂದಿತ್ತು, ಎದೆಯ ಸೀಟಿಯೂ. ನಾನು ಕೆತ್ತಿದ ಮೊದಲ ರೆಕ್ಕೆಯನ್ನು ಡೆಕ್ಲನ್ ಉಳಿದ ಎರಡು ಬೆರಳಿನಿಂದ ಸವರಿ ನೋಡಿದರು. ಏನೂ ಗೊತ್ತಾಗದೆ ಎಡಗೈ ಹಾಕಿದರು. ಎಡಗೈಗೆ ಆ ಕಲೆ ಇರಲಿಲ್ಲ. ತುಂಬಾ ಹೊತ್ತು ಹಾಗೇ ಸವರುತ್ತಿದ್ದು, “ಗೊತ್ತಾಗ್ತಿಲ್ಲ,” ಎಂದರು, ಮೆತ್ತಗೆ, ನನಗಲ್ಲ, ಹಲಗೆಗೆ. ಅವರು ಬೈದಿದ್ದ ಅಷ್ಟೂ ದಿನಗಳಿಗಿಂತ ಅದು ನನ್ನನ್ನು ಹೆಚ್ಚು ಕೊಂದಿತು.

ವಸಂತದಲ್ಲಿ ಕಂಬ ಮತ್ತೆ ನಿಂತಿತು. ಹ್ಯಾಂಡಲ್ ಈಗ ನನ್ನ ಅಡುಗೆಮನೆಯಲ್ಲಿಲ್ಲ. ಅದನ್ನು ಅವರು ತೆಗೆದುಕೊಂಡು ಹೋಗಿ ತಮ್ಮ ಅಡುಗೆಮನೆಯಲ್ಲಿ, ಕೆಂಪು ದೀಪ ಉರಿಯುವ ಯೇಸುವಿನ ಚಿತ್ರದ ಕೆಳಗೆ ಮೊಳೆಗೆ ಹಾಕಿದ್ದಾರೆ. ಕಿತ್ತಳೆ ಬಂದರೆ ನಾನು ಎರಡು ಹೊಲ ನಡೆದುಹೋಗಿ ಕೇಳಿ ತರಬೇಕು. ಇಳಿಸಿದ ಮೇಲೆ ಫೋನು ಮಾಡುತ್ತೇನೆ. “ಮಲಗಿದ್ದಾಳೆ,” ಎನ್ನುತ್ತೇನೆ. ಅವರು ಫೋನಿಡುತ್ತಾರೆ. ಹತ್ತು ನಿಮಿಷಕ್ಕೆ ಮಳೆಯಲ್ಲಿ ಅವರೇ ಬರುತ್ತಾರೆ, ಕೆಳಗೆ ಮಲಗಿದ ಕಂಬವನ್ನು ಎಡಗೈಯಿಂದ ಮುಟ್ಟುತ್ತಾರೆ, ಆಮೇಲೆ ಹೋಗಿ ಕುರಿ ತರುತ್ತಾರೆ.

ಊರಿನಿಂದ ಫೋನು ಮಾಡಿದವರು, ಯಾವಾಗ ವಾಪಸ್ ಬರ್ತೀಯ ಎಂದು ಕೇಳುತ್ತಾರೆ. ಹೋದರೆ ಪೂಜೆಯ ಮಣೆಯ ಹತ್ತಿರ ನನ್ನನ್ನು ಬಿಡುವವರು ಯಾರು ಎಂದು ಯೋಚಿಸುತ್ತೇನೆ. ಇಲ್ಲಿ ನನ್ನ ಕೈಕೆಲಸದಿಂದ ಮಗಳ ಕೋಣೆ ಬೆಚ್ಚಗಿದೆ, ನನ್ನ ಮಾತಿಗೆ ಮಾತ್ರ ಬೆಲೆಯಿಲ್ಲ. ಅನಿಕಾ ಕೂಡ, ಹಲ್ಲುಜ್ಜಿದೆಯಾ ಎಂದು ನಾನು ಕೇಳಿದರೆ ಬಾಯಿ ತೆರೆದು ತೋರಿಸುತ್ತಾಳೆ. ಹೇಳಿದರೆ ಸಾಲದು, ತೋರಿಸಬೇಕು ಎಂದು ಅವಳು ಈ ಮನೆಯಲ್ಲಿ ಕಲಿತಿದ್ದಾಳೆ.

ಈ ವರ್ಷದ ಆಯುಧಪೂಜೆಯ ದಿನ ಗಾಳಿಯೇ ಇರಲಿಲ್ಲ. ಸಮುದ್ರ ಹಾಸಿದ ಚಾಪೆಯಂತಿತ್ತು. ವೀಡಿಯೊ ಕರೆಯಲ್ಲಿ ಅತ್ತೆ, “ಈ ಸಲ ಆ ಕಬ್ಬಿಣ ಇಡಬೇಡಮ್ಮ,” ಎಂದರು. ಇಡಲು ಅದು ನನ್ನ ಹತ್ತಿರ ಇರಲೂ ಇಲ್ಲ. ಚಾಕು, ಕತ್ತರಿಗಷ್ಟೇ ಪೂಜೆ ಮಾಡಿದೆ. ಆಮೇಲೆ ಎರಡು ಹೊಲ ದಾಟಿ ಹೋಗಿ ಹ್ಯಾಂಡಲ್ ಕೇಳಿದೆ. ಡೆಕ್ಲನ್ ಕಿಟಕಿಯಾಚೆ ನೋಡಿದರು. ಒಂದು ಎಲೆಯೂ ಅಲ್ಲಾಡುತ್ತಿರಲಿಲ್ಲ.

“ಇವತ್ತು ಆ ದಿನಾನಾ?”

“ಹೌದು.”

ಅವರು ಹ್ಯಾಂಡಲ್ ಕೊಟ್ಟರು. ಕಂಬ ಇಳಿಸಿದೆ. ಫೋನು ಮಾಡಲಿಲ್ಲ, ಅವರು ಆಗಲೇ ಗೇಟಿನ ಹತ್ತಿರ ನಿಂತಿದ್ದರು, ಹೊಸ ಚಿಲಕ ಹಾಕಿದ ಅದೇ ಗೇಟು. ಹುಲ್ಲಿನ ಮೇಲೆ ಮಲಗಿದ ರೆಕ್ಕೆಗಳಿಗೆ ಕುಂಕುಮ ಇಟ್ಟೆ, ಎರಡು ಸೇವಂತಿಗೆ ಇಟ್ಟೆ, ಕೈ ಮುಗಿದೆ. ನಾನು ಮುಗಿಸುವ ತನಕ ಡೆಕ್ಲನ್ ಟೋಪಿ ತೆಗೆದು ಎದೆಗೆ ಹಿಡಿದುಕೊಂಡು ನಿಂತಿದ್ದರು.

ಆಮೇಲೆ ಟೋಪಿ ಹಾಕಿಕೊಂಡು ಗೇಟು ತೆರೆದು ಒಳಗೆ ಬಂದರು. ಕಂಬ ಅವರ ಕಾಲ ಬಳಿಯೇ ಬಿದ್ದಿತ್ತು. ಆದರೂ ಬಗ್ಗಿ, ಮುಟ್ಟಿ ನೋಡಿದರು.